ಫಿಲ್ಟರಿನ ಕೆಳಗೆ ಹಿಡಿದ ಬಾಟ್ಲಿ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ದೊಡ್ಡ ಬಾಟ್ಲಿ ಎಂದು. ಹೊಸದಾಗಿ ಬೀದಿಗೆ ಬಂದವರು ಹೆಸರು ಕೇಳಿದ ಕೂಡಲೇ ಯಾರೋ ಕುಡುಕನಿರಬೇಕೆಂದು ಮೂಗು ಮುರಿಯುತ್ತಿದ್ದರು. ಪಾಪ, ಅವನು ಜೀವಮಾನದಲ್ಲಿ ಒಂದು ಗುಟುಕು ಕುಡಿದವನಲ್ಲ. ಆ ಹೆಸರು ಅಪ್ಪನ ಕಡೆಯಿಂದ ಬಂದದ್ದು. ಅಪ್ಪನ ಕಡೆಯಿಂದ ಇನ್ನೂ ಎರಡು ವಸ್ತು ಬಂದಿದ್ದವು: ಬಾಡಿಗೆಗೆ ಓಡುವ ಒಂದು ಡೀಸೆಲ್ ಕಾರು, ಅಗಲ ಬಾಯಿಯ ಒಂದು ಗಾಜಿನ ಬಾಟ್ಲಿ. ಕಾರು ಅಣ್ಣ ತಮ್ಮ ಇಬ್ಬರಿಗೂ ಸೇರಿದ್ದರಿಂದ ತಮ್ಮನಿಗೆ ಸಣ್ಣ ಬಾಟ್ಲಿ ಎಂಬ ಹೆಸರು ಅಂಟಿಕೊಂಡಿತ್ತು.

ಅಪ್ಪ ಬೆಳಿಗ್ಗೆ ಎದ್ದು ಮುಖ ತೊಳೆಯುವುದನ್ನಾದರೂ ಮರೆತಾನು, ಆ ಬಾಟ್ಲಿಯನ್ನು ಮರೆಯುತ್ತಿರಲಿಲ್ಲ. ಕೀಲಿ ತಿರುಗಿಸುವ ಮೊದಲು ಬಾನೆಟ್ ಎತ್ತಿ, ಡೀಸೆಲ್ ಫಿಲ್ಟರಿನ ತಳಕ್ಕೆ ಬಾಟ್ಲಿ ಹಿಡಿದು, ಅಲ್ಲಿರುವ ಪುಟ್ಟ ಸ್ಕ್ರೂ ಸಡಿಲಿಸಿ ಒಂದಿಷ್ಟು ಸುರಿಸುತ್ತಿದ್ದ. ಗಾಡಿ ನಿಂತಿದ್ದಾಗ ಡೀಸೆಲ್ಲಿನಲ್ಲಿ ಸೇರಿದ ನೀರು ಫಿಲ್ಟರಿನ ತಳಕ್ಕೆ ಇಳಿದಿರುತ್ತದೆ. ಮೊದಲು ಆ ನೀರು ಬರುತ್ತದೆ, ಆಮೇಲೆ ಚೊಕ್ಕ ಡೀಸೆಲ್. ಅಪ್ಪ ಬಾಟ್ಲಿಯನ್ನು ಬೆಳಕಿಗೆ ಎತ್ತಿ, ನೀರು ಕೆಳಗೆ ಡೀಸೆಲ್ ಮೇಲೆ ನಿಂತದ್ದನ್ನು ನೋಡಿ, ಸ್ಕ್ರೂ ಬಿಗಿ ಮಾಡಿ ಕೈ ಒರೆಸಿಕೊಳ್ಳುತ್ತಿದ್ದ. ಎರಡು ಕಡೆ ಇಬ್ಬರು ಮಕ್ಕಳನ್ನೂ ನಿಲ್ಲಿಸಿಕೊಳ್ಳುತ್ತಿದ್ದ. ಅವರಿಗೆ ಬೇಜಾರಾದರೂ ಬಿಡುತ್ತಿರಲಿಲ್ಲ.

“ಡೀಸೆಲ್ ಬರೀ ಉರಿಯೋಕೆ ಅಂದ್ಕೋಬೇಡಿ. ಅದನ್ನ ಎಂಜಿನ್ನಿಗೆ ತಳ್ಳೋ ಪಂಪಿಗೆ ಗ್ರೀಸೂ ಅದೇ. ಅದರ ಜಾಗಕ್ಕೆ ನೀರು ಬಂತು ಅಂದ್ರೆ ಲೋಹಕ್ಕೆ ಲೋಹ ಉಜ್ಜಿ ಪಂಪು ತನ್ನನ್ನ ತಾನೇ ತಿಂದ್ಕೊಳ್ಳುತ್ತೆ,” ಎನ್ನುತ್ತಿದ್ದ.

ಟ್ಯಾಂಕಿನ ಮುಳ್ಳು ಅರ್ಧದಿಂದ ಕೆಳಗೆ ಇಳಿಯಬಾರದು ಎಂಬುದು ಅವನ ಇನ್ನೊಂದು ಕಟ್ಟಪ್ಪಣೆ. ಖಾಲಿ ಟ್ಯಾಂಕು ಒಳಗೊಳಗೇ ಬೆವರುತ್ತದೆ, ಆ ಬೆವರೇ ನೀರು ಎಂದು ಹೇಳುತ್ತಿದ್ದ. ಬಂಕಿನಲ್ಲಿ ಟ್ಯಾಂಕರ್ ಲಾರಿ ನಿಂತು ಎಣ್ಣೆ ಇಳಿಸುತ್ತಿದ್ದರೆ ಅಂದು ಅಲ್ಲಿಗೆ ಕಾಲಿಡುತ್ತಿರಲಿಲ್ಲ, ತಳದ ಕೊಳೆಯೆಲ್ಲ ಮೇಲೆದ್ದಿರುತ್ತದೆ ಎಂದು. ಫಿಲ್ಟರನ್ನು ಬದಲಿಸುವ ದಿನ ಬರುವ ಮುಂಚೆಯೇ ಬದಲಿಸುತ್ತಿದ್ದ. ಜನ ನಗುತ್ತಿದ್ದರು. ಆದರೆ ಆ ಕಾರು ಒಂದು ದಿನವೂ ದಾರಿಯಲ್ಲಿ ನಿಂತು ಯಾರ ಕೈಯಲ್ಲೂ ತಳ್ಳಿಸಿಕೊಂಡದ್ದಿಲ್ಲ.

ಅಪ್ಪ ತೀರಿಕೊಂಡ ಮೇಲೆ ಮಕ್ಕಳು ಪಾಳಿ ಹಂಚಿಕೊಂಡರು. ಹಗಲು ಅಣ್ಣನದು, ಸಂಜೆಯಿಂದ ಬೆಳಗಿನ ಜಾವದವರೆಗೆ ತಮ್ಮನದು. ಮನೆ ಒಂದೇ, ಮುಂದಿನ ಕೋಣೆಯಲ್ಲಿ ಅಮ್ಮ, ಒಳಗಿನ ಎರಡು ಕೋಣೆಯಲ್ಲಿ ಎರಡು ಸಂಸಾರ. ತಮ್ಮ ಗಾಡಿ ತಂದು ನಿಲ್ಲಿಸಿ ಮಲಗುತ್ತಿದ್ದ, ಅಣ್ಣ ಎದ್ದು ನೀರು ತೆಗೆದು ಹೊರಡುತ್ತಿದ್ದ. ಯಾರ ಕೈಯಿಂದ ಯಾರ ಕೈಗೆ ಹೋದರೂ ಮುಳ್ಳು ಅರ್ಧದ ಮೇಲೇ ಇರಬೇಕು ಎಂಬ ಮಾತು ಕೆಲವು ತಿಂಗಳು ನಡೆಯಿತು. ಅಣ್ಣ ಬಾನೆಟ್ ಎತ್ತಿ ನಿಂತಾಗ ಅಮ್ಮ ಕಿಟಕಿಯ ಹತ್ತಿರ ಕೂತು ನೋಡುತ್ತಿದ್ದಳು. ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬಾಟ್ಲಿ ಹಿಡಿದ ಮಗ ಅವಳಿಗೆ ಗಂಡನ ಹಾಗೆಯೇ ಕಾಣುತ್ತಿದ್ದನಂತೆ.

ಮನೆ ಮುರಿಯಲು ದೊಡ್ಡ ಕಾರಣವೇ ಬೇಕೆಂದು ಯಾರು ಹೇಳಿದರೋ! ಒಂದು ಬೆಳಿಗ್ಗೆ ಅಣ್ಣ ಕೂತು ನೋಡಿದರೆ ಮುಳ್ಳು ತಳ ಮುಟ್ಟಿತ್ತು. ಅಂದು ಅವನ ಕಾಯಂ ಗಿರಾಕಿಯೊಬ್ಬರನ್ನು, ನಿವೃತ್ತ ಮೇಷ್ಟ್ರೊಬ್ಬರನ್ನು, ರೈಲಿಗೆ ಬಿಡಬೇಕಿತ್ತು. ದಾರಿಯಲ್ಲಿ ಬಂಕಿಗೆ ಹೋದರೆ ಅಲ್ಲಿ ಮಾರುದ್ದದ ಸಾಲು. ರೈಲು ತಪ್ಪಿತು. ಮೇಷ್ಟ್ರು ಬೈಯಲಿಲ್ಲ, ಮತ್ತೆ ಕರೆಯಲೂ ಇಲ್ಲ. ಸಂಜೆ ಕೀಲಿ ಕೊಡುವಾಗ ಅಣ್ಣ ಕೆಂಡ ಕಾರಿದ.

“ಹೋಗ್ಲಿ ಬಿಡಣ್ಣ, ಒಂದಿನ ತಾನೆ. ತಡ ಆಗಿತ್ತು, ನಿದ್ದೆ ಎಳೀತಿತ್ತು,” ಎಂದು ತಮ್ಮ ನಕ್ಕ.

ತಪ್ಪಾಯಿತು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆ ನಗುವನ್ನು ಅಣ್ಣನಿಗೆ ಸಹಿಸಲಾಗಲಿಲ್ಲ. ಮರುದಿನ ಅವನು ಮುಳ್ಳನ್ನು ಅರ್ಧಕ್ಕಿಂತ ಒಂದು ಗೆರೆ ಕೆಳಗೆ ಇಳಿಸಿ ಕೀಲಿ ಕೊಟ್ಟ. ತಮ್ಮ ಇನ್ನೊಂದು ಗೆರೆ ಇಳಿಸಿ ವಾಪಸು ತಂದ. ಅಲ್ಲಿಂದ ಶುರುವಾಯಿತು ನೋಡಿ ಪೈಪೋಟಿ. ನನ್ನ ಡೀಸೆಲ್ಲಿನಲ್ಲಿ ಅವನ್ಯಾಕೆ ಓಡಿಸಬೇಕು ಎಂದು ಇವನು, ಇವನ್ಯಾಕೆ ಓಡಿಸಬೇಕು ಎಂದು ಅವನು. ಮನೆಯ ಬಾಗಿಲಿಗೆ ಬಂದು ಮುಟ್ಟುವುದಕ್ಕೆ ಎಷ್ಟು ಬೇಕೋ ಅಷ್ಟೇ ಉಳಿಸಿ ತರುವುದರಲ್ಲಿ ಇಬ್ಬರೂ ಪಳಗಿಬಿಟ್ಟರು. ಟ್ಯಾಂಕಿನ ತಳದ ಕೊಳೆಯೆಲ್ಲ ಬಾಚಿ ಬಾಚಿ ಫಿಲ್ಟರಿಗೆ ಹೋಗುತ್ತಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಒಬ್ಬ ದಡ್ಡನಾಗಿದ್ದರೆ ಇನ್ನೊಬ್ಬ ತಿದ್ದಬಹುದಿತ್ತು, ಇಲ್ಲಿ ಇಬ್ಬರೂ ಬುದ್ಧಿವಂತರು.

ಫಿಲ್ಟರ್ ಬದಲಿಸುವ ಕಾಲ ಬಂತು. ಅವನು ಹಾಕಿಸಲಿ ಎಂದು ಇವನು, ಇವನು ಹಾಕಿಸಲಿ ಎಂದು ಅವನು ಕಾದರು. ಹಳೆಯದೇ ಉಳಿಯಿತು. ಈ ನಡುವೆ ತಮ್ಮ ಸಂಜೆ ಹೊತ್ತು ಒಂದು ಶೆಡ್ಡಿನ ಹಿಂದೆ ಡ್ರಮ್ಮಿನಲ್ಲಿ ಮಾರುವ ಅಗ್ಗದ ಡೀಸೆಲ್ ಹಾಕಿಸಲು ಶುರು ಮಾಡಿದ. ಅಣ್ಣನಿಗೆ ಅದು ಮೊದಲ ದಿನವೇ ಗೊತ್ತಾಯಿತು, ಟ್ಯಾಂಕಿನ ಮುಚ್ಚಳದ ಸುತ್ತ ಡ್ರಮ್ಮಿನಿಂದ ಎಣ್ಣೆ ಎಳೆಯುವ ಕೊಳವೆಯ ಕಪ್ಪು ಮಸಿ ಮೆತ್ತಿಕೊಂಡಿತ್ತು. ಅವನು ಬಾಯಿಗೆ ಬೀಗ ಹಾಕಿಕೊಂಡ. ಕೇಳಿದರೆ ಮತ್ತೆ ನಗುತ್ತಾನೆ, ಆ ನಗು ನೋಡುವುದಕ್ಕಿಂತ ಸುಮ್ಮನಿರುವುದೇ ವಾಸಿ ಎನ್ನಿಸಿತ್ತು.

ಅಣ್ಣ ಮಾಡಿದ ಇನ್ನೊಂದು ಕೆಲಸವನ್ನು ಹೇಳಲು ನನಗೇ ನಾಚಿಕೆಯಾಗುತ್ತದೆ. ಒಂದು ಬೆಳಿಗ್ಗೆ ಬಾನೆಟ್ ಎತ್ತಿ, ಬಾಟ್ಲಿ ಹಿಡಿದು, ಸ್ಕ್ರೂ ಮೇಲೆ ಬೆರಳಿಟ್ಟವನು ಹಾಗೇ ನಿಂತ. ಅವನು ತಂದು ತುಂಬಿದ ನೀರನ್ನು ನಾನು ಯಾಕೆ ಬಸಿಯಬೇಕು, ನಾನೇನು ಅವನ ಆಳೇ ಎಂದು ಪಿತ್ತ ನೆತ್ತಿಗೇರಿತು. ಬೆರಳು ತೆಗೆದ. ಆದರೆ ಕಿಟಕಿಯಲ್ಲಿ ಅಮ್ಮ ಇದ್ದಳು. ಅದಕ್ಕೆ ಎಂದಿನಷ್ಟು ಹೊತ್ತು ಬಗ್ಗಿ ನಿಂತಿದ್ದು, ಖಾಲಿ ಬಾಟ್ಲಿಯನ್ನು ಬೆಳಕಿಗೆ ಎತ್ತಿ ನೋಡಿ, ಬಾನೆಟ್ ಹಾಕಿ, ಬಾಟ್ಲಿಯನ್ನು ತಂದು ಕಿಟಕಿಯ ಪಕ್ಕದ ಗೂಡಿನಲ್ಲಿ ಇಟ್ಟ.

“ಆಯ್ತೇನೋ?” ಎಂದಳು ಅಮ್ಮ.

“ಆಯ್ತಮ್ಮ.”

ಒಂದು ದಿನದ ಸಿಟ್ಟಿಗೆ ಮಾಡಿದ್ದು ಆಮೇಲೆ ರೂಢಿಯಾಯಿತು. ಸ್ಕ್ರೂ ಬಿಚ್ಚಿ ಹಾಕುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ದಿನಾ ಬಗ್ಗಿ ನಿಲ್ಲುತ್ತಿದ್ದ. ನಾಟಕಕ್ಕೆ ಪಡುವ ಪಾಡನ್ನು ಕೆಲಸಕ್ಕೆ ಪಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನ ಹೆಂಡತಿ ಮಾತ್ರ ಒಮ್ಮೆ ಒಗೆಯುವ ಬಟ್ಟೆ ಎತ್ತಿಕೊಂಡು ಹೋಗುತ್ತಾ, “ಈಚೆಗೆ ನಿಮ್ಮ ಕೈ ಡೀಸೆಲ್ ವಾಸ್ನೆ ಬರೋದೇ ಇಲ್ವಲ್ಲ?” ಎಂದಳು. ಸೋಪು ಬದಲಾಯಿಸಿದ್ದೀನಿ ಎಂದು ಹೇಳಿ ನುಣುಚಿಕೊಂಡ.

ಒಂದು ದಿನ ಸ್ಟೇರಿಂಗಿನ ಹಿಂದೆ, ಮೀಟರುಗಳ ನಡುವೆ, ಒಂದು ಸಣ್ಣ ಹಳದಿ ದೀಪ ಹತ್ತಿತು. ಫಿಲ್ಟರಿನಲ್ಲಿ ನೀರು ತುಂಬಿದೆ ಎಂದು ಹೇಳುವ ದೀಪ ಅದು. ಅಪ್ಪನ ಕಾಲದಲ್ಲಿ ಅದು ಹತ್ತಿದ್ದನ್ನು ಅವರು ನೋಡಿಯೇ ಇರಲಿಲ್ಲ. ಅಣ್ಣ ಅದನ್ನು ಒಮ್ಮೆ ಬೆರಳಿನಿಂದ ತಟ್ಟಿ ನೋಡಿದ. ಸಂಜೆ ತಮ್ಮನ ಕಣ್ಣಿಗೂ ಬೀಳುತ್ತದಲ್ಲ, ಅವನೇ ಬಂದು ಕೇಳಲಿ, ಆಗ ಹೇಳುತ್ತೀನಿ ಎಂದುಕೊಂಡ. ಸಂಜೆ ತಮ್ಮನೂ ನೋಡಿದ. ಬೆಳಿಗ್ಗೆ ಅಣ್ಣ ಹೇಗೂ ನೀರು ತೆಗೀತಾನಲ್ಲ ಎಂದುಕೊಂಡು ಹೊರಟ. ದೀಪ ಉರಿಯುತ್ತಲೇ ಇತ್ತು, ಯಾರೂ ಯಾರನ್ನೂ ಕೇಳಲಿಲ್ಲ.

ಅಮ್ಮನ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಯಿತು. ಅಂದು ಅವಳು ಹಟ ಹಿಡಿದು ಇಬ್ಬರು ಮಕ್ಕಳನ್ನೂ ಕಾರಿಗೆ ಹತ್ತಿಸಿದಳು. ಅಪ್ಪ ಹೋದ ಮೇಲೆ ಇಬ್ಬರೂ ಒಟ್ಟಿಗೆ ಆ ಕಾರಿನಲ್ಲಿ ಕೂತದ್ದು ಅದೇ ಮೊದಲು. ಅಮ್ಮ ಹಿಂದೆ ಕೂತು, ಕಣ್ಣು ಬಂದರೆ ಮೊದಲು ನಿಮ್ಮಿಬ್ಬರ ಮುಖ ನೋಡಬೇಕು, ಎಷ್ಟು ಸೊರಗಿದ್ದೀರೋ ಏನೋ ಎಂದು ಹೇಳುತ್ತಿದ್ದಳು. ಮುಂದೆ ಕೂತವರು ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ಮುಖ ತಿರುಗಿಸಿಕೊಂಡಿದ್ದರು. ಸೇತುವೆಯ ಏರಿನಲ್ಲಿ ಕಾರು ಒಮ್ಮೆ ಮುಗ್ಗರಿಸಿತು, ಇನ್ನೊಮ್ಮೆ ಮುಗ್ಗರಿಸಿತು, ಆಮೇಲೆ ಎಷ್ಟು ತುಳಿದರೂ ಉಸಿರೆತ್ತಲಿಲ್ಲ. ಹಿಂದಿನವರು ಹಾರನ್ ಹೊಡೆದು ಹೊಡೆದು ಕಿವಿ ತೂತು ಮಾಡಿದರು. ಅಣ್ಣ ಕೀಲಿ ತಿರುಗಿಸಿದ, ತಮ್ಮ ಇಳಿದು ತಳ್ಳಿದ. ಅಂದಿನ ಆಪರೇಷನ್ ತಪ್ಪಿಹೋಯಿತು.

ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋದದ್ದು ಪಂಪ್ ಮೇಸ್ತ್ರಿಯ ಗ್ಯಾರೇಜಿಗೆ. ಡೀಸೆಲ್ ಪಂಪು, ಎಂಜಿನ್ನಿನೊಳಗೆ ಎಣ್ಣೆ ಚಿಮ್ಮಿಸುವ ನಾಜಲ್ಲು ಬಿಟ್ಟು ಬೇರೆ ಏನನ್ನೂ ಮುಟ್ಟದ ಮುದುಕ, ಅಪ್ಪನ ಹಳೆಯ ಗೆಳೆಯ. ಅಮ್ಮನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿದರು. ಮೇಸ್ತ್ರಿ ಫಿಲ್ಟರ್ ಬಿಚ್ಚಿ ಒಂದು ತಟ್ಟೆಗೆ ಬಗ್ಗಿಸಿದ. ಡೀಸೆಲ್ ಅನ್ನುವುದಕ್ಕಿಂತ ತುಕ್ಕಿನ ನೀರು ಅನ್ನಬೇಕು, ಅಂಥದ್ದು ಬಿತ್ತು. ಪಂಪಿನಿಂದ ಬಂದ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಬಿಸಿಲಿಗೆ ಹಿಡಿದ. ಬಟ್ಟೆಯ ತುಂಬಾ ಸಣ್ಣ ಸಣ್ಣ ಲೋಹದ ಪುಡಿ ಮಿಣುಕುತ್ತಿತ್ತು.

“ಪಂಪು ಸವೆದು ಪುಡಿಯಾಗಿದೆ. ಆ ಪುಡಿ ಪೈಪಲ್ಲೂ ಹೋಗಿದೆ, ನಾಜಲ್ಲೂ ತಿಂದಿದೆ, ವಾಪಸ್ ಟ್ಯಾಂಕಿಗೂ ಹೋಗಿದೆ. ಒಂದು ಬದಲಾಯಿಸಿದ್ರೆ ಆಗಲ್ಲ, ಎಲ್ಲಾನೂ ಬದಲಾಯಿಸ್ಬೇಕು. ಈ ಗಾಡಿ ಮಾರಿದ್ರೂ ಅಷ್ಟು ದುಡ್ಡು ಹುಟ್ಟಲ್ಲ,” ಎಂದ. ಆಮೇಲೆ ತಲೆ ಎತ್ತದೆ ಕೇಳಿದ: “ಇದರ ನೀರು ಯಾವಾಗ ತೆಗೆದಿದ್ರಿ?”

ತಮ್ಮ ಅಣ್ಣನ ಕಡೆ ನೋಡಿದ. “ಅದು ಅಣ್ಣಂದು. ದಿನಾ ಬೆಳಿಗ್ಗೆ ಅವನೇ ತೆಗೆಯೋದು.”

ಅಷ್ಟರಲ್ಲಿ ಸ್ಟೂಲಿನ ಮೇಲಿಂದ ಅಮ್ಮ ಬಾಯಿ ಹಾಕಿದಳು.

“ತೆಗೆದಿದಾನೆ! ಒಂದು ದಿನ ತಪ್ಪಿಸಿಲ್ಲ ನನ್ನ ದೊಡ್ಡ ಮಗ. ಇವತ್ತೂ ತೆಗೆದ, ನಾನೇ ಕಣ್ಣಾರೆ ನೋಡಿದೀನಿ. ನೀವು ಬೇರೆ ಏನಾಗಿದೆ ನೋಡಿ.”

ಮೇಸ್ತ್ರಿ ಅಣ್ಣನ ಮುಖವನ್ನೇ ನೋಡಿದ. ಸ್ಕ್ರೂ ಸುತ್ತ ಧೂಳು ಗಟ್ಟಿ ಕೂತದ್ದು ಅವನಿಗೆ ಕಾಣದೆ ಇದ್ದೀತೆ? ಅಣ್ಣ ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ಆಡಿದ. ಆಡಿದ್ದು ಬೇರೆ ಮಾತು.

“ಡ್ರಮ್ಮಿನ ಡೀಸೆಲ್ ಹಾಕಿಸಿದ್ರೆ ಎಷ್ಟು ನೀರು ತೆಗೆದು ಏನ್ ಬಂತು?”

ಡ್ರಮ್ಮಿನ ಡೀಸೆಲ್ಲೇ, ಅಪ್ಪನ ಗಾಡಿಗೇ ಎಂದು ಅಮ್ಮ ಎದೆ ಹಿಡಿದುಕೊಂಡಳು. ಆಮೇಲೆ ಅವಳು ಸಣ್ಣ ಮಗನನ್ನು ಅಂದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಹೆತ್ತವಳ ಬಾಯಿಂದ ಅಂಥ ಮಾತು ಬರಬಾರದು, ಗ್ಯಾರೇಜಿನ ನಡುವೆಯಂತೂ ಬರಲೇಬಾರದು. ತಮ್ಮ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿದ. ನಡುವೆ ಒಮ್ಮೆ ಬಗ್ಗಿ, ತಟ್ಟೆಯಲ್ಲಿದ್ದ ಫಿಲ್ಟರನ್ನು ತಿರುಗಿಸಿ ಅದರ ತಳ ನೋಡಿದ. ಮತ್ತೆ ಅಲ್ಲೇ ಇಟ್ಟ. ಆ ವಾರವೇ ಹೆಂಡತಿಯನ್ನು ಕರೆದುಕೊಂಡು ಬೇರೆ ಮನೆ ಹಿಡಿದ.

ಕಾರನ್ನು ಗುಜರಿಯವನು ಬಂದು ಎತ್ತಿಕೊಂಡು ಹೋದ. ಮನೆಯ ಮುಂದೆ ಅದು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಉಳಿಯಿತು. ಅಣ್ಣ ಅವರಿವರ ಗಾಡಿ ಓಡಿಸಿ ದಿನ ದೂಡಿದ. ಅಮ್ಮ ಬಂದವರಿಗೆಲ್ಲ ಕತೆ ಹೇಳುತ್ತಿದ್ದಳು: ಸಣ್ಣವನು ಗಾಡಿ ಹಾಳು ಮಾಡಿದ, ದೊಡ್ಡವನು ಪಾಪ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದ. ಒಳಗೆ ಕೂತ ಅಣ್ಣ ಪ್ರತಿ ಸಲವೂ ಅದನ್ನು ಮೊದಲಿಂದ ಕೊನೆಯವರೆಗೆ ಕೇಳಬೇಕಾಗುತ್ತಿತ್ತು. ಆದರೂ ಎದ್ದು ಹೋಗಿ ಹಾಗಲ್ಲಮ್ಮ ಎನ್ನಲಿಲ್ಲ.

ಬೇರೆಯವರ ಕಾರಿನಲ್ಲಿ ಕರೆದುಕೊಂಡು ಹೋಗಿ ಅಮ್ಮನ ಆಪರೇಷನ್ ಮಾಡಿಸಿದ್ದಾಯಿತು. ಪಟ್ಟಿ ತೆಗೆದ ಮೇಲೆ ಅವಳು ಮಗುವಿನ ಹಾಗೆ ಮನೆಯೆಲ್ಲ ಮುಟ್ಟಿ ಮುಟ್ಟಿ ನೋಡಿದಳು. ಗೋಡೆಗೆ ಇದು ಯಾವ ಬಣ್ಣ ಬಳಿದಿದ್ದೀರಿ ಎಂದು ಸೊಸೆಯನ್ನು ಗದರಿದಳು. ಕಿಟಕಿಯ ಹತ್ತಿರ ಕೂತವಳು ಗೂಡಿನಲ್ಲಿದ್ದ ಗಂಡನ ಬಾಟ್ಲಿಯನ್ನು ಕೈಗೆತ್ತಿಕೊಂಡಳು. ಅಣ್ಣ ಬಾಗಿಲಲ್ಲಿ ನಿಂತಿದ್ದ. ಅಮ್ಮ ಬಾಟ್ಲಿಯನ್ನು ಬೆಳಕಿಗೆ ಹಿಡಿದಳು, ಗಂಡ ಹಿಡಿಯುತ್ತಿದ್ದ ಹಾಗೇ. ಒಳಗೆ ತಳದಲ್ಲಿ ಮೆತ್ತನೆಯ ಧೂಳು. ಗಾಜಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಜೇಡ ಹಳೆಯ ಬಲೆ ಕಟ್ಟಿ ಬಿಟ್ಟುಹೋಗಿತ್ತು. ಮೂಸಿ ನೋಡಿದಳು, ಡೀಸೆಲ್ಲಿನ ಸುಳಿವೂ ಇರಲಿಲ್ಲ. ಗಾಡಿ ಕೆಟ್ಟ ದಿನದವರೆಗೂ ಡೀಸೆಲ್ ಹಿಡಿದಿದ್ದ ಬಾಟ್ಲಿಯಾಗಿದ್ದರೆ ತಳದಲ್ಲಿ ಜಿಡ್ಡಾದರೂ ಉಳಿದಿರಬೇಕಿತ್ತು.

“ಎಷ್ಟು ದಿನದಿಂದ?” ಎಂದಳು.

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. “ಸುಮಾರು ದಿನದಿಂದ.”

“ನನ್ನ ಕಣ್ಣು ಕಾಣಲ್ಲ ಅಂತ ತಾನೆ?”

ಅವಳು ಬೈಯಲಿಲ್ಲ. ಬೈಗಳನ್ನೆಲ್ಲ ಗ್ಯಾರೇಜಿನಲ್ಲಿ ಸಣ್ಣವನ ಮೇಲೆ ಖರ್ಚು ಮಾಡಿಬಿಟ್ಟಿದ್ದಳು. ಬಾಟ್ಲಿಯನ್ನು ಸೆರಗಿನಿಂದ ಒರೆಸಿ ಅವನ ಕೈಗೆ ಕೊಟ್ಟಳು. “ಹೋಗಿ ಅವನಿಗೆ ಹೇಳು. ನೀನೇ ಹೇಳು. ಹೇಳೋವರೆಗೂ ನನ್ನ ಮುಂದೆ ಕೂತು ಉಣ್ಬೇಡ,” ಎಂದಳು.

ತಮ್ಮ ಆಗ ಒಂದು ಕಂಪನಿಯ ಕಾರು ಓಡಿಸುತ್ತಿದ್ದ. ದೊಡ್ಡ ಅಂಗಳ, ಸಾಲಾಗಿ ನಿಂತ ಬಿಳಿ ಡೀಸೆಲ್ ಕಾರುಗಳು, ಒಂದು ತಗಡಿನ ಆಫೀಸು. ಅಣ್ಣ ಹೋದಾಗ ಅವನು ಮುಂದಿನ ಗಾಜು ಒರೆಸುತ್ತಿದ್ದ. ಅಣ್ಣ ಎದುರು ನಿಂತ. ಬಾಟ್ಲಿಯನ್ನು ಚೀಲದಿಂದ ತೆಗೆದು ಬಾನೆಟ್ಟಿನ ಮೇಲೆ ಇಟ್ಟ.

“ನೀರು ತೆಗೀತಿರ್ಲಿಲ್ಲ ನಾನು. ಸುಮ್ನೆ ಬಾಟ್ಲಿ ಹಿಡ್ಕೊಂಡು ನಿಂತ್ಕೋತಿದ್ದೆ.”

ತಮ್ಮ ಬಟ್ಟೆ ಹಿಂಡಿದ. “ಗೊತ್ತು.”

“ಯಾವಾಗಿಂದ?”

“ಗ್ಯಾರೇಜಲ್ಲೇ. ಸ್ಕ್ರೂ ನೋಡಿದ್ನಲ್ಲ.”

“ಮತ್ತೆ ಅಷ್ಟೊಂದು ಬೈಸ್ಕೊಂಡ್ಯಲ್ಲ? ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?”

“ಏನಂತ ಹೇಳ್ಲಿ? ಕಣ್ಣಾರೆ ನೋಡಿದೀನಿ ಅಂದ್ಳು ಅಮ್ಮ. ನಿಂಗೆ ಕಣ್ಣು ಕಾಣ್ಸಲ್ಲ ಅಂತ ಅಷ್ಟು ಜನರ ಮುಂದೆ ನಾನು ಅನ್ಬೇಕಿತ್ತಾ?” ತಮ್ಮ ಗಾಜಿನ ಮೇಲಿದ್ದ ಒಂದು ಕಲೆಯನ್ನು ಉಗುರಿನಿಂದ ಕೆರೆದ. “ನೀನು ಹೇಳ್ತೀಯ ಅಂತ ನೋಡ್ತಿದ್ದೆ. ಡ್ರಮ್ಮಿನ ಡೀಸೆಲ್ ಹಾಕಿಸಿದ್ದು ನನ್ನ ತಪ್ಪೇ, ಇಲ್ಲ ಅನ್ನಲ್ಲ. ಅಣ್ಣ ಇದಾನೆ, ನೀರು ಬಂದ್ರೂ ಬೆಳಿಗ್ಗೆ ತೆಗೀತಾನೆ ಅನ್ನೋ ಧೈರ್ಯದ ಮೇಲೆ ಹಾಕಿಸ್ತಿದ್ದೆ.”

ಅಣ್ಣನ ಕಣ್ಣು ತುಂಬಿತು. ಒಂದು ಏಟು ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದ. ಆ ಧೈರ್ಯ ಎಂಬ ಮಾತನ್ನು ಅವನಿಗೆ ಇಂದಿಗೂ ತಡೆದುಕೊಳ್ಳಲಾಗಿಲ್ಲ.

“ಇಲ್ಲಿ ಒಂದು ಗಾಡಿ ಪಂಪು ಹೋಯ್ತು, ಹೋದ ತಿಂಗಳು,” ಎಂದ ತಮ್ಮ, ಯಾರದೋ ವಿಷಯ ಹೇಳುವವನಂತೆ. “ಬೆಳಿಗ್ಗೆ ಬಂದು ಎಲ್ಲಾ ಗಾಡಿ ನೀರು ತೆಗೆಯೋಕೆ, ಫಿಲ್ಟರ್ ನೋಡ್ಕೊಳ್ಳೋಕೆ ಒಬ್ರು ಬೇಕು ಅಂತಿದ್ರು ಓನರ್ರು. ನಮ್ಮಣ್ಣನಷ್ಟು ಗೊತ್ತಿರೋರು ಇಲ್ಲ ಅಂತ ಹೇಳಿದೀನಿ. ಮಾಡೋದಾದ್ರೆ ಮಾಡು.”

ಬೇಡ ಎನ್ನುವಷ್ಟು ಮಾನ ಅವನಲ್ಲಿ ಉಳಿದಿರಲಿಲ್ಲ, ಮನೆಯಲ್ಲಿ ಒಲೆಯೂ ಉರಿಯಬೇಕಿತ್ತು. ಒಪ್ಪಿಕೊಂಡ. ಈಗ ದಿನಾ ಬೆಳಕು ಹರಿಯುವ ಹೊತ್ತಿಗೆ ದೊಡ್ಡ ಬಾಟ್ಲಿ ಆ ಅಂಗಳದಲ್ಲಿರುತ್ತಾನೆ. ಸಾಲಿನ ಒಂದು ಕಡೆಯಿಂದ ಶುರು ಮಾಡಿ ಒಂದೊಂದೇ ಬಾನೆಟ್ ಎತ್ತುತ್ತಾ, ಬಾಟ್ಲಿ ಹಿಡಿಯುತ್ತಾ, ಬೆಳಕಿಗೆ ಎತ್ತಿ ನೋಡುತ್ತಾ ಹೋಗುತ್ತಾನೆ. ಅರ್ಧಕ್ಕಿಂತ ಕೆಳಗೆ ಮುಳ್ಳು ಇಳಿಸಿ ತಂದ ಡ್ರೈವರುಗಳ ಮೇಲೆ ಅಪ್ಪನ ಗಂಟಲಿನಲ್ಲೇ ಹಾರಾಡುತ್ತಾನೆ. ಅವರು ನಗುತ್ತಾರೆ. ಅವನು ಬಂದ ಮೇಲೆ ಒಂದು ಗಾಡಿಯೂ ದಾರಿಯಲ್ಲಿ ನಿಂತಿಲ್ಲ. ಓನರ್ ಒಮ್ಮೆ ಎಲ್ಲರ ಮುಂದೆ ಅವನ ಬೆನ್ನು ತಟ್ಟಿ, “ಸ್ವಂತ ಗಾಡಿ ಥರ ನೋಡ್ಕೋತೀಯಲ್ಲಯ್ಯಾ!” ಎಂದರು. ಅವನು ನಗುವುದಕ್ಕೆ ಹೋದ, ಆಗಲಿಲ್ಲ.

ತಮ್ಮನ ಕಾರು ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಉಳಿದ ಡ್ರೈವರುಗಳು ಬಂದು ಕೀಲಿ ತೆಗೆದುಕೊಂಡು ಹೋಗುತ್ತಾರೆ. ತಮ್ಮ ಮಾತ್ರ ಬಂದು ಕೈ ಚಾಚುತ್ತಾನೆ.

“ಬಾಟ್ಲಿ ತೋರ್ಸಣ್ಣ.”

ದಿನಕ್ಕೆ ಅವರಿಬ್ಬರ ನಡುವೆ ನಡೆಯುವ ಮಾತು ಅಷ್ಟೇ. ಅಣ್ಣ ತೋರಿಸುತ್ತಾನೆ. ತಮ್ಮ ಅದನ್ನು ಬೆಳಕಿಗೆ ಎತ್ತಿ, ತಳದಲ್ಲಿ ನಿಂತ ನೀರು ನೋಡಿ, ವಾಪಸು ಕೊಟ್ಟು ಕೀಲಿ ತೆಗೆದುಕೊಳ್ಳುತ್ತಾನೆ.

ಮೊನ್ನೆ ಬಾಟ್ಲಿಯಲ್ಲಿ ನೀರು ಇರಲಿಲ್ಲ, ಬರೀ ಚೊಕ್ಕ ಡೀಸೆಲ್. ತಮ್ಮ ಅದನ್ನು ಅಲ್ಲಾಡಿಸಿ ನೋಡಿದ, ತಿರುಗಿಸಿ ನೋಡಿದ.

“ನೀರೇ ಇಲ್ವಲ್ಲ?”

“ಇವತ್ತು ಇರ್ಲಿಲ್ಲ.”

“ಇದು ನನ್ನ ಗಾಡೀದೇನಾ? ಪಕ್ಕದ ಗಾಡೀದಾ?”

ತಮ್ಮ ಸಿಟ್ಟಿನಿಂದ ಕೇಳಲಿಲ್ಲ. ತಿಳಿದುಕೊಳ್ಳಲೇಬೇಕಿತ್ತು, ಅದಕ್ಕೆ ಕೇಳಿದ. ಅಣ್ಣ ಬಾಟ್ಲಿ ಇಸಿದುಕೊಂಡು, ಇದ್ದದ್ದನ್ನು ಡಬ್ಬಕ್ಕೆ ಸುರಿದು, ಒರೆಸಿದ. ಮತ್ತೆ ಬಾನೆಟ್ ಎತ್ತಿದ. ತಮ್ಮ ಬಂದು ಆ ಕಡೆ ನಿಂತ, ಚಿಕ್ಕಂದಿನಲ್ಲಿ ನಿಲ್ಲುತ್ತಿದ್ದ ಕಡೆಯೇ. ಅಣ್ಣ ಬಗ್ಗಿ, ಅವನಿಗೆ ಚೆನ್ನಾಗಿ ಕಾಣುವ ಹಾಗೆ ಭುಜ ಸರಿಸಿ, ಸ್ಕ್ರೂ ಬಿಚ್ಚಿದ. ಸಣ್ಣ ಎಳೆಯಾಗಿ ಡೀಸೆಲ್ ಬಾಟ್ಲಿಗೆ ಬಿತ್ತು. ಇಬ್ಬರೂ ಅದನ್ನೇ ನೋಡುತ್ತಾ ನಿಂತರು.

“ಸರಿ,” ಎಂದು ತಮ್ಮ ಕೀಲಿ ತೆಗೆದುಕೊಂಡು ಹೊರಟ.